ಒಂದು ಚುಕ್ಕಿ ಕಡಿಮೆ

ಜಗದೇವಿ ಮರತೂರ ಹಾಕಿದ ಮೊದಲ ಬೋರ್ಡು ಬರೆದವನು ನಾನೇ,
ಲಾಲಸಾಬ, ಸ್ಟೇಷನ್ ಬಜಾರದ ಪೇಂಟರ್.
ಮೂರಡಿ ತಗಡು, ನೀಲಿ ನೆಲ, ಬಿಳಿ ಅಕ್ಷರ:
'ಸಾಲ ಸಲಹೆ'. ಮೇಲೆ ಕನ್ನಡ, ಕೆಳಗೆ ಉರ್ದು.
ಮನೆಮಾತಿನಲ್ಲೇ ಕೈ ಎಡವಿತು ನೋಡಿ.
ಕರ್ಜ್‌ನ ತಲೆಯ ಮೇಲೆ ಎರಡು ಚುಕ್ಕಿ;
ಒಂದೇ ಇಟ್ಟರೆ ಅದು ಫರ್ಜ್.
ಸಾಲ ಹೋಗಿ ಕರ್ತವ್ಯ.

ದಾರಿಹೋಕ ಮೌಲ್ವಿಯೊಬ್ಬರು ಓದಿ ನಕ್ಕರು.
ಕುಂಚ ಕಚ್ಚಿಕೊಂಡು ಮತ್ತೆ ಏಣಿ ಹತ್ತಿದೆ.
"ಇರ್ಲಿ ಬಿಡ್ರಿ ಲಾಲಣ್ಣ" ಅಂದಳು,
"ಇನ್ನೊಂದು ಚುಕ್ಕಿ ಮಂದಿ ಹೊತ್ಕೊಂಡೇ ಬರ್ತಾರ."

ಅದಕ್ಕೂ ಮುಂಚೆ ಒಂಬತ್ತು ವರ್ಷ
ಫೈನಾನ್ಸ್ ಕಂಪನಿಯಲ್ಲಿ ನೋಟೀಸು ಟೈಪು ಮಾಡಿದವಳು.
'ಈ ಪತ್ರ ತಲುಪಿದ ಏಳು ದಿನದೊಳಗಾಗಿ',
ಕಣ್ಣು ಮುಚ್ಚಿ ಹೊಡೆಯಬಲ್ಲ ಸಾಲು.
ಒಂದು ದಿನ ಆ ಸಾಲಿನ ಮೇಲೆ ಕೂರಬೇಕಾದ ಹೆಸರು
ತನಗೆ ಬಡ್ಡಿ ಲೆಕ್ಕ ಕಲಿಸಿದ ಮಾಸ್ತರರದು.
ಒಂದು ಮಿಕ್ಸಿ, ಒಂದು ಕೂಲರು,
ಬಾಕಿ ಎರಡು ಸಾವಿರದ ಮುನ್ನೂರ ನಲವತ್ತು.
ಟೈಪು ಮಾಡಿದಳು. ಅಂಚೆಗೂ ಹಾಕಿದಳು.
ಅದನ್ನೆಂದೂ ಮುಚ್ಚಿಟ್ಟವಳಲ್ಲ.
ಕೆಲಸ ಬಿಟ್ಟದ್ದು ಆಮೇಲೆ, ಆರು ತಿಂಗಳಿಗೆ.

ಬೋರ್ಡು ನೋಡಿ ಮೊದಮೊದಲು ಬಂದವರೆಲ್ಲ
ಸಾಲ ಕೇಳಲೆಂದೇ ಬಂದರು.
"ಕೊಡಂಗಿಲ್ಲ. ಕುಂದರ್ರಿ."
ಶಹಾಬಾದ ಪರ್ಸಿಯ ತಣ್ಣನೆ ನೆಲ, ಒಂದು ತಂಬಿಗೆ ನೀರು,
ಹೊರಗೆ ಮೇ ತಿಂಗಳು.
"ಚೀಲದಾಗಿನ ಕಾಗದ ಎಲ್ಲಾ ಸುರೀರಿ."
ಸುರಿಯುತ್ತಿದ್ದರು, ನರ್ಸು, ಕಂಡಕ್ಟರು, ಕೋರ್ಟಿನ ಗುಮಾಸ್ತ:
ಮೊಬೈಲಿನ ಕಂತು, ಲಗ್ನದ ಶಾಮಿಯಾನದ ಕೈಗಡ,
ಹೆಂಡತಿಗೆ ಗೊತ್ತಿಲ್ಲದ ಚೀಟಿ,
ಗಂಡನಿಗೆ ಗೊತ್ತಿಲ್ಲದ ಸಂಘದ ಸಾಲ.
ಜೋಳ ಹಸನು ಮಾಡುವ ಹಾಗೆ
ಆಕೆ ಬೇರೆ ಬೇರೆ ಗುಪ್ಪೆ ಮಾಡುವಳು:
ಅಸಲು, ಬಡ್ಡಿ, ಬಡ್ಡಿಯ ಬಡ್ಡಿ.
ನಾಲ್ಕನೆಯದಕ್ಕೆ ಕಾಗದವಿರುತ್ತಿರಲಿಲ್ಲ.
ಅದನ್ನು ಹೇಳುವಾಗ ಮಂದಿ ಪರ್ಸಿಯ ಸಂದು ನೋಡುತ್ತಿದ್ದರು.

ಸೇಡಂ ರಸ್ತೆ, ಬೀದರ, ಯಾದಗಿರಿ,
ಹನ್ನೊಂದು ಶಾಖೆ; ಹನ್ನೊಂದೂ ಬೋರ್ಡು ನನ್ನ ಕೈಯವು.
ಊರು ಸುಮ್ಮನಿರುತ್ತದೆಯೇ?
ಸಾಲಗಾರನ ಫೀಸೂ ಬೇಕು ಈಕಿಗೆ,
ವಸೂಲಾದ ಕಂಪನಿಯ ಕಮಿಷನ್ನೂ ಬೇಕು.
ಏಣಿಯ ಮೇಲಿಂದಲೇ ಕೇಳಿದೆ ಒಮ್ಮೆ: ಖರೇನಾ?
"ಖರೆ. ನೂರಕ್ಕ ಆರು.
ಗ್ವಾಡಿ ಮ್ಯಾಲೆ ಬರೀರಿ, ಎಲ್ಲಾರಿಗಿ ಕಾಣಂಗ."
ಬರೆದೆ, ಕೆಂಪಿನಲ್ಲಿ, ಬಾಗಿಲಿಗೆ ಎದುರಾಗಿ.

ಫ್ಲೆಕ್ಸ್ ಬಂದ ವರ್ಷ ನನ್ನ ಕುಂಚಗಳು ಒಣಗಿದವು.
ನಾನೂ ಮಷಿನ್ ತರುವೆನೆಂದು ನಾಲ್ಕು ಲಕ್ಷ ಎತ್ತಿದೆ, ಮುಳುಗಿದೆ.
ನಾನೇ ಹೆಸರು ಬರೆದ ಬಾಗಿಲು;
ಒಂದು ಇಡೀ ವರ್ಷ ಅದರ ಮುಂದೆ ಸುಳಿದಾಡಿದೆ, ಒಳಗೆ ಹೋಗದೆ.
ಕೊನೆಗೆ ಆಕೆಯೇ ಹೊರಬಂದು,
"ಬೋರ್ಡಿನ ಬಣ್ಣ ಹೋಗೇದ, ಬರ್ರಿ" ಅಂದಳು.
ಬಣ್ಣ ಹೋಗಿರಲಿಲ್ಲ.

ನನ್ನ ಕಾಗದ ಮುಗಿಯಲು ಮೂರು ವರ್ಷ ಎರಡು ತಿಂಗಳು.
ನನ್ನಿಂದಲೂ ಫೀಸು ತಗೊಂಡಳು. ರಸೀದಿ ಕೊಟ್ಟಳು.

ನೂರಕ್ಕೆ ಆರು ಎಲ್ಲಿ ಹೋಗುತ್ತಿತ್ತೆಂದು ತಿಳಿದದ್ದು ಹೋದ ವಾರ.
ದೊಡ್ಡ ದವಾಖಾನೆಯ ಹಿಂದೆ,
ಪೇಶಂಟಿನ ಜೊತೆ ಬಂದವರು ಮಲಗಲು ನಲವತ್ತು ಮಂಚ,
ರೊಟ್ಟಿ ಬಡಿಯಲು ಆರು ಒಲೆ, ಬಾಡಿಗೆ ಇಲ್ಲ.
"ಭಾಳ ಸಾಲ ಇಲ್ಲೇ ಹುಟ್ತಾವ್ರಿ,
ಲಾಡ್ಜಿನ ಖೋಲಿ, ಹೋಟೆಲಿನ ಊಟ."
ಫ್ಲೆಕ್ಸ್ ಬೇಡವೆಂದು ನನ್ನನ್ನೇ ಕರೆಸಿದ್ದಳು.
ಕೆಳಗೆ ದಾನಿಗಳ ಹೆಸರು?
"ಬ್ಯಾಡ. ಅದನ್ನ ಓದಿ ಮಂದಿ ಮತ್ತೊಂದು ಋಣ ಹೊರಬೇಕು."

ಹೂಂ ಅಂದೆ.
ಆದರೆ ತಗಡಿಗೆ ಪ್ರೈಮರ್ ಬಳಿದು
ಮೊದಲು ಬರೆದದ್ದು ಆಕೆಯ ಹೆಸರು,
ಪೂರ್ತಿ, ಎರಡೂ ಲಿಪಿಯಲ್ಲಿ, ಚುಕ್ಕಿ ಎಣಿಸಿ ಎಣಿಸಿ.
ಒಣಗಿದ ಮೇಲೆ ಅದರ ಮೇಲೆ ನೀಲಿ ಎಳೆದೆ.
ನಮ್ಮ ಕಲಬುರಗಿಯ ಬಿಸಿಲು ನನಗೆ ಗೊತ್ತು:
ಎಂಟು ಬೇಸಿಗೆ,
ಹೆಚ್ಚೆಂದರೆ ಒಂಬತ್ತು.